ಕಾಗೋಡು: ಒಂದು ಮಲೆನಾಡ ಹಳ್ಳಿಯ ರಾಜಕೀಯ ಚರಿತ್ರೆ

1

ಚರಿತ್ರೆಯೆಂದರೆ ಅರಸುಮನೆತನಗಳ ವಂಶಾವಳಿ, ಯುದ್ಧಗಳ ತಾರೀಖು, ರಾಜಧಾನಿಗಳ ಏಳುಬೀಳು ಎಂಬ ಭಾವನೆ ನಮ್ಮಲ್ಲಿ ಇನ್ನೂ ಪೂರ್ಣವಾಗಿ ಅಳಿದಿಲ್ಲ. ಹಳ್ಳಿಗೆ ಪುರಾಣವುಂಟು, ಜಾತ್ರೆಯುಂಟು, ಆದರೆ ಚರಿತ್ರೆಯಿಲ್ಲ ಎಂದು ಓದಿದವರೂ ಭಾವಿಸುವುದುಂಟು. ಈ ಭಾವನೆ ಎಷ್ಟು ತಪ್ಪೆಂಬುದನ್ನು ತೋರಿಸಿಕೊಡುವ ಹಳ್ಳಿಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಕಾಗೋಡು ಒಂದು. ಅಲ್ಲಿ ಕೋಟೆಯಿಲ್ಲ, ಹೆಸರಾಂತ ದೇವಾಲಯವಿಲ್ಲ. ಇದ್ದುದು ಗದ್ದೆ, ಗದ್ದೆಯನ್ನು ಉಳುವವರು, ಗದ್ದೆಯ ಒಡೆಯರು, ಮತ್ತು ಅವರಿಬ್ಬರ ನಡುವೆ ಭತ್ತವನ್ನು ಅಳೆಯುವ ಒಂದು ಕೊಳಗ. ಆ ಕೊಳಗದಿಂದ ಹುಟ್ಟಿದ ವ್ಯಾಜ್ಯ ಎರಡು ದಶಕಗಳ ಮೇಲೆ ಇಡೀ ಕರ್ನಾಟಕದ ಭೂಮಿಯ ಕಾನೂನನ್ನೇ ಬದಲಿಸುವುದಕ್ಕೆ ಕಾರಣಗಳಲ್ಲೊಂದಾಯಿತು.

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯದಲ್ಲಿ ಇನ್ನೊಂದು ಕುತೂಹಲವೂ ಇರತಕ್ಕದ್ದು. 1951ನೆಯ ಇಸವಿ ಏಪ್ರಿಲ್ 18ರಂದು ನಮ್ಮ ಈ ನಗರಕ್ಕೆ ಸಮೀಪದ ಪೋಚಂಪಲ್ಲಿಯಲ್ಲಿ ಆಚಾರ್ಯ ವಿನೋಬಾ ಭಾವೆಯವರ ಮುಂದೆ ಹರಿಜನರು ತಮಗೆ 80 ಎಕರೆ ಭೂಮಿ ಬೇಕೆಂದು ಕೇಳಿದರು. ವೆದಿರೆ ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಡುವುದಾಗಿ ಎದ್ದು ನಿಂತರು. ಭೂದಾನ ಚಳವಳಿ ಹುಟ್ಟಿತು. ಅದೇ ದಿನ, ಅದೇ ಏಪ್ರಿಲ್ 18ರಂದು, ಕಾಗೋಡಿನ ಗೇಣಿದಾರರು ನೇಗಿಲು ಹೊತ್ತು, ತಮ್ಮನ್ನು ಹೊರಹಾಕಿದ್ದ ಗದ್ದೆಗಳಿಗೆ ಇಳಿದು ಸತ್ಯಾಗ್ರಹವನ್ನು ಆರಂಭಿಸಿದರು. ಒಂದು ಕಡೆ ಭೂಮಿಯನ್ನು ಬೇಡಿದರು, ಮತ್ತೊಂದು ಕಡೆ ಉಳುವ ಹಕ್ಕನ್ನು ಸಾಧಿಸಲು ಹೊರಟರು. ಈ ಎರಡು ಹಳ್ಳಿಗಳ ಜನ ಪರಸ್ಪರ ಅರಿತವರಲ್ಲ. ಆದರೆ ಒಂದೇ ಪ್ರಶ್ನೆ ಒಂದೇ ದಿನ ಎರಡು ಬಾಯಲ್ಲಿ ಬಂದುದು ಕೇವಲ ಆಕಸ್ಮಿಕವೆಂದು ತಳ್ಳಿಹಾಕುವಂತಹುದಲ್ಲ. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವಾಗುತ್ತ ಬಂದಿತ್ತು. ಆ ಸ್ವಾತಂತ್ರ್ಯ ಗದ್ದೆಯ ಬದುವನ್ನು ದಾಟಿ ಒಳಗೆ ಬಂದಿದೆಯೇ ಎಂಬುದೇ ಆ ಪ್ರಶ್ನೆ.

2

ಕಾಗೋಡಿನ ಸೀಮೆ ಚರಿತ್ರೆಗೆ ಹೊಸದಲ್ಲ. ಕೆಳದಿ ಮತ್ತು ಇಕ್ಕೇರಿ, ಈ ಎರಡೂ ಸಾಗರ ತಾಲೂಕಿನಲ್ಲಿಯೇ ಇವೆ. ಹದಿನೇಳನೆಯ ಶತಮಾನದಲ್ಲಿ ಆಳಿದ ಕೆಳದಿಯ ಶಿವಪ್ಪನಾಯಕನು ಭೂಮಿಯನ್ನು ಅದರ ಗುಣಕ್ಕನುಸಾರವಾಗಿ ತರಗತಿಗಳಾಗಿ ವಿಂಗಡಿಸಿ, ಬಿತ್ತುವ ಬೀಜದ ಪ್ರಮಾಣವನ್ನೂ ಬರುವ ಹುಟ್ಟುವಳಿಯನ್ನೂ ಲೆಕ್ಕಹಾಕಿಸಿ ಕಂದಾಯವನ್ನು ಗೊತ್ತುಮಾಡಿದನು. ಇದೇ ಪ್ರಸಿದ್ಧವಾದ 'ಶಿಸ್ತು'. ಅದು ಮಲೆನಾಡಿನ ರೈತನ ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರಿತೆಂದರೆ ಶತಮಾನಗಳು ಕಳೆದ ಮೇಲೂ ನ್ಯಾಯವಾದ ಕಂದಾಯವೆಂದರೆ ಶಿಸ್ತಿನ ಕಂದಾಯವೆಂದೇ ಜನ ಎಣಿಸುತ್ತಿದ್ದರು. ಅಳತೆಗೆ ಒಂದು ಮಿತಿಯುಂಟು, ಆ ಮಿತಿಯನ್ನು ಮೀರುವುದು ಅನ್ಯಾಯ ಎಂಬ ಅರಿವು ಈ ಸೀಮೆಗೆ ಹಳೆಯದು.

ಆ ಮಿತಿ ಮೀರಿತೆಂದು ಜನರಿಗೆ ತೋರಿದಾಗ ಅವರು ಸುಮ್ಮನೆ ಕುಳಿತವರೂ ಅಲ್ಲ. 1830ರಲ್ಲಿ ನಗರ ಪ್ರಾಂತದ ರೈತರು ಕೂಟ ಸೇರಿ ಕಂದಾಯ ಕೊಡುವುದನ್ನು ನಿಲ್ಲಿಸಿದರು. ಆ ದಂಗೆ ಮೈಸೂರಿನ ಆಡಳಿತವನ್ನೇ ನಡುಗಿಸಿತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ರಾಜ್ಯದ ಆಡಳಿತವನ್ನು ಮಹಾರಾಜರಿಂದ ತೆಗೆದುಕೊಳ್ಳಲು ಅದನ್ನೇ ಮುಖ್ಯ ನೆಪವಾಗಿ ಮಾಡಿಕೊಂಡನು. 1881ರ ವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು.

ಈ ಐವತ್ತು ವರ್ಷಗಳಲ್ಲಿಯೇ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದ ಸಂಗತಿಯೊಂದು ನಡೆಯಿತು. 1860ರ ದಶಕದಲ್ಲಿ ಮುಂಬಯಿ ಪದ್ಧತಿಯ ಭೂಮಾಪನ ಮೈಸೂರಿಗೆ ಬಂತು. ಪ್ರತಿಯೊಂದು ಸರ್ವೆ ನಂಬರಿಗೂ ಒಬ್ಬ ಖಾತೆದಾರನೆಂದು ಬರೆಯಲಾಯಿತು. ಕಂದಾಯ ಕಟ್ಟುವವನು ಯಾರೋ ಅವನೇ ಸರ್ಕಾರದ ಕಣ್ಣಿಗೆ ರೈತ. ನೆಲವನ್ನು ನಿಜವಾಗಿ ಉಳುವವನು ಬೇರೆಯವನಾಗಿದ್ದರೆ ಅವನಿಗೆ ಆ ದಫ್ತರದಲ್ಲಿ ಸ್ಥಾನವಿರಲಿಲ್ಲ. ರೈತವಾರಿ ಪದ್ಧತಿಯಲ್ಲಿ ಸರ್ಕಾರಕ್ಕೂ ರೈತನಿಗೂ ನಡುವೆ ಮಧ್ಯವರ್ತಿಯಿಲ್ಲವೆಂದು ಪುಸ್ತಕಗಳಲ್ಲಿ ಓದುತ್ತೇವೆ. ಮಲೆನಾಡಿನಲ್ಲಿ ಆ ಮಧ್ಯವರ್ತಿ ಇದ್ದೇ ಇದ್ದನು. ಅವನನ್ನು 'ರೈತ'ನೆಂದು ಕರೆದುದರಿಂದ ಅವನು ಕಾಣಿಸಲಿಲ್ಲ, ಅಷ್ಟೆ.

3

ಸ್ವಾತಂತ್ರ್ಯ ಬಂದ ಕಾಲಕ್ಕೆ ಸಾಗರ ತಾಲೂಕಿನ ಸ್ಥಿತಿ ಹೀಗಿತ್ತು. ಗದ್ದೆಗಳ ಒಡೆತನ ಬಹುಮಟ್ಟಿಗೆ ಮೇಲು ಜಾತಿಯ ಕೆಲವೇ ಮನೆತನಗಳಲ್ಲಿ ಕೂಡಿತ್ತು. ಉಳುವವರಲ್ಲಿ ಹೆಚ್ಚಿನವರು ದೀವರು. ಕಾಗೋಡಿನಲ್ಲಿ ಒಡೆತನ ಒಡೆಯರ ಮನೆತನದ್ದು. ಗೇಣಿಗೆ ಉಳುವವರು ಅಲ್ಲಿನ ದೀವರ ಕುಟುಂಬಗಳು. ಗೇಣಿಗೆ ಬರೆಹವಿರಲಿಲ್ಲ, ಅವಧಿಯಿರಲಿಲ್ಲ. ಒಡೆಯರು ಬಿಡೆಂದರೆ ಬಿಡಬೇಕು. ಗೇಣಿಯ ಭತ್ತದ ಜೊತೆಗೆ ಒಡೆಯರ ಮನೆಯ ಬಿಟ್ಟಿ ಕೆಲಸವೂ ಇತ್ತು. ಉಡುಗೆ ತೊಡುಗೆ, ನಡೆ ನುಡಿಗಳಲ್ಲಿಯೂ ಗೇಣಿದಾರನು ತನ್ನ ಸ್ಥಾನವನ್ನು ಮರೆಯಬಾರದೆಂಬ ಕಟ್ಟುಪಾಡುಗಳಿದ್ದವು. ಆದುದರಿಂದ ಕಾಗೋಡಿನ ಹೋರಾಟ ಭತ್ತದ್ದೂ ಹೌದು, ಮಾನದ್ದೂ ಹೌದು.

ಇನ್ನು ಕೊಳಗದ ವಿಚಾರ. ಗೇಣಿಯನ್ನು ಅಳೆದುಕೊಳ್ಳುವಾಗ ಒಡೆಯರು ಗೊತ್ತಾದ ಪ್ರಮಾಣಕ್ಕಿಂತ ದೊಡ್ಡ ಕೊಳಗವನ್ನು ಬಳಸುತ್ತಾರೆಂಬುದು ಗೇಣಿದಾರರ ದೂರು. ಲೆಕ್ಕಪತ್ರಗಳ ನಡುವೆ ದಿನ ಕಳೆಯುವವನಾದ ನನಗೆ ಈ ದೂರಿನ ತೂಕವನ್ನು ಅಂಕಿಗಳಲ್ಲಿ ತೋರಿಸುವ ಆಸೆ. 20 ಕೊಳಗಕ್ಕೆ ಒಂದು ಖಂಡುಗ. ಒಬ್ಬನ ಗೇಣಿ 10 ಖಂಡುಗವೆಂದು ಭಾವಿಸೋಣ; ಅದು 200 ಕೊಳಗ. ಕೊಳಗಕ್ಕೆ ಮೂರು ಸೇರೆಂದಿಟ್ಟುಕೊಂಡು, ಅಳೆಯುವ ಕೊಳಗ ಅರ್ಧ ಸೇರು ಹೆಚ್ಚಿದ್ದರೆ ಒಟ್ಟು 100 ಸೇರು ಹೆಚ್ಚಾಗಿ ಹೋಗುತ್ತದೆ. ಅಂದರೆ 33 ಕೊಳಗಕ್ಕೂ ಮಿಗಿಲು. ಗೇಣಿ ಬಾಯಿಮಾತಿನಲ್ಲಿ ಹತ್ತೇ ಖಂಡುಗ. ಕಣಜದಲ್ಲಿ ಮಾತ್ರ ಆರರಲ್ಲಿ ಒಂದು ಪಾಲು ಅಧಿಕ. ಯಾವ ಕರಾರನ್ನೂ ಬದಲಿಸದೆ, ಒಂದು ಮಾತನ್ನೂ ಆಡದೆ ಗೇಣಿಯನ್ನು ಏರಿಸಬಹುದಾದ ಉಪಾಯವಿದು. ಬರೆಹ ಬಾರದ ಗೇಣಿದಾರನಿಗೂ ಕೊಳಗದ ಗಾತ್ರ ಕಣ್ಣಿಗೆ ಕಾಣುತ್ತಿತ್ತು. ಅದಕ್ಕೇ ಹೋರಾಟ ಕಾನೂನಿನ ಪದಗಳಿಂದ ಮೊದಲಾಗಲಿಲ್ಲ. ಅಳತೆಯ ಪಾತ್ರೆಯಿಂದ ಮೊದಲಾಯಿತು.

ಇಂತಹ ದೂರುಗಳು ನಮ್ಮ ದೇಶಕ್ಕೆ ಮಾತ್ರ ಸೇರಿದುವಲ್ಲ. ಜರ್ಮನಿಯ ಸ್ವಾಬಿಯಾ ಪ್ರಾಂತದ ಹಳ್ಳಿಗಳ ಒಕ್ಕಲಿಗರು 1525ರ ಮಾರ್ಚಿಯಲ್ಲಿ ಮೆಮ್ಮಿಂಗೆನ್ ಪಟ್ಟಣದಲ್ಲಿ ಸೇರಿ ಹನ್ನೆರಡು ಬೇಡಿಕೆಗಳನ್ನು ಬರೆದು ಮುದ್ರಿಸಿದರು. ಗೇಣಿಯನ್ನು ನ್ಯಾಯವಾಗಿ ಮತ್ತೆ ಗೊತ್ತುಮಾಡಬೇಕು, ಬಿಟ್ಟಿ ಸೇವೆಯನ್ನು ಮಿತಿಯಲ್ಲಿಡಬೇಕು, ಕಾಡಿನಿಂದ ಸೌದೆ ತರುವ ಹಕ್ಕು ಹಳ್ಳಿಗೆ ಮರಳಬೇಕು ಎಂಬುವು ಅವುಗಳಲ್ಲಿ ಸೇರಿದ್ದವು. ಆ ಹಳ್ಳಿಗರ ದಂಗೆಯನ್ನು ಅರಸರು ಕತ್ತಿಯಿಂದ ಅಡಗಿಸಿದರು. ನಾಲ್ಕು ಶತಮಾನಗಳಿಗೂ ಮಿಕ್ಕಿದ ಅಂತರದಲ್ಲಿ ಕಾಗೋಡಿನವರ ದೂರು ಅದೇ ಬಗೆಯದು. ಭೇದವಿರುವುದು ಇಷ್ಟೆ: ಕಾಗೋಡಿನವರ ಕೈಯಲ್ಲಿ ಆಯುಧವಿರಲಿಲ್ಲ, ಮುಂದಿನ ವರ್ಷವೇ ಅವರಿಗೆ ಮತ ಬರಲಿತ್ತು.

4

ಗೇಣಿದಾರರನ್ನು ಮೊದಲು ಸಂಘಟಿಸಿದವರು ಹೊರಗಿನವರಲ್ಲ. ಅದೇ ತಾಲೂಕಿನ ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸಾಗರ ತಾಲೂಕು ರೈತ ಸಂಘ ಹಳ್ಳಿಹಳ್ಳಿಗಳಲ್ಲಿ ಗೇಣಿದಾರರನ್ನು ಕೂಡಿಸಿತು. ನ್ಯಾಯವಾದ ಅಳತೆ, ಗೇಣಿಗೆ ರಸೀದಿ, ಬಿಟ್ಟಿಯ ನಿಲುಗಡೆ ಇಂತಹ ಸಾಧಾರಣ ಬೇಡಿಕೆಗಳು ಅದರವು. ಒಡೆಯರು ಒಪ್ಪಲಿಲ್ಲ. ಗೇಣಿದಾರರು ಜಮೀನಿನಿಂದ ಹೊರಬಿದ್ದರು. ಆಗಲೇ ಸತ್ಯಾಗ್ರಹ.

ಅದರ ಕ್ರಮ ಸರಳವಾಗಿತ್ತು. ರೈತರು ತಂಡತಂಡವಾಗಿ ನೇಗಿಲಿನೊಡನೆ ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿಯುವುದು, ಮತ್ತೊಂದು ತಂಡ ಇಳಿಯುವುದು. ಹೆಂಗಸರೂ ಹಿಂದುಳಿಯಲಿಲ್ಲ. ಸಮಾಜವಾದಿ ಪಕ್ಷವು ಈ ಹೋರಾಟವನ್ನು ತನ್ನದೆಂದು ಎತ್ತಿಕೊಂಡಿತು. ತೀರ್ಥಹಳ್ಳಿ ತಾಲೂಕಿನ ಆರಗದವರಾದ ಶಾಂತವೇರಿ ಗೋಪಾಲಗೌಡರು, ಆಗ ಇಪ್ಪತ್ತೆಂಟರ ತರುಣರು, ಅದರ ಧ್ವನಿಯಾದರು. 1951ರ ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದರು. ಸಾಗರದಲ್ಲಿ ಅವರ ಬಂಧನವಾಯಿತು. ಅಲ್ಲಿಯವರೆಗೆ ತಾಲೂಕಿನ ಹೊರಗೆ ಹೆಚ್ಚಿನವರು ಕೇಳಿಯೂ ಇರದ ಹಳ್ಳಿಯ ಹೆಸರು ಆ ಬಂಧನದಿಂದ ದೇಶಕ್ಕೆ ತಿಳಿಯಿತು.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಆಗ ಮೈಸೂರಿನಲ್ಲಿದ್ದುದು ಪರಕೀಯರ ಸರ್ಕಾರವಲ್ಲ, ಕೆ.ಸಿ. ರೆಡ್ಡಿಯವರ ಕಾಂಗ್ರೆಸ್ ಸರ್ಕಾರ. 1947ರ 'ಮೈಸೂರು ಚಲೋ' ಚಳವಳಿಯಲ್ಲಿ ಸತ್ಯಾಗ್ರಹ ಮಾಡಿ ಜವಾಬ್ದಾರಿ ಸರ್ಕಾರವನ್ನು ಪಡೆದವರೇ ಈಗ ಸತ್ಯಾಗ್ರಹಿಗಳನ್ನು ಬಂಧಿಸಬೇಕಾಯಿತು. ಶಾಂತಿ ಪಾಲನೆ ಸರ್ಕಾರದ ಕರ್ತವ್ಯವೆಂಬುದು ನಿಜ. ಆದರೆ ಖಾತೆಯಲ್ಲಿ ಯಾರ ಹೆಸರಿದೆಯೋ ಅವರ ಪರವಾಗಿ ನಿಲ್ಲುವುದೇ ಶಾಂತಿ ಪಾಲನೆಯಾದಾಗ, ಆ ಖಾತೆ ಹೇಗೆ ಹುಟ್ಟಿತೆಂಬ ಪ್ರಶ್ನೆಯನ್ನು ಯಾರಾದರೊಬ್ಬರು ಕೇಳಲೇಬೇಕಾಗುತ್ತದೆ. ಕಾಗೋಡು ಅದನ್ನು ಕೇಳಿತು.

ತತ್ಕ್ಷಣದ ಫಲವನ್ನು ನೋಡಿದರೆ ಸತ್ಯಾಗ್ರಹ ಗೆದ್ದಿತೆನ್ನಲಾಗದು. ಗದ್ದೆಗಳ ಒಡೆತನ ಬದಲಾಗಲಿಲ್ಲ. ಸೆರೆಮನೆ ಕಂಡವರ ಸಂಸಾರಗಳು ಒಂದು ಬೆಳೆಯನ್ನು ಕಳೆದುಕೊಂಡವು. ಗೇಣಿದಾರನ ಮನೆಯಲ್ಲಿ ಒಂದು ಬೆಳೆ ಹೋದರೆ ಒಂದು ವರ್ಷದ ಅನ್ನವೇ ಹೋದಂತೆ. ಈ ನಷ್ಟವನ್ನು ಮರೆತು ಹೋರಾಟದ ಕೀರ್ತಿಯನ್ನು ಮಾತ್ರ ಹಾಡುವುದು ಚರಿತ್ರಕಾರನಿಗೆ ತಕ್ಕುದಲ್ಲ.

5

1952ರ ಮೊದಲ ಮಹಾಚುನಾವಣೆಯ ಫಲಿತಾಂಶ ಬಹು ವಿಚಿತ್ರವಾಗಿದೆ. ಸಾಗರ–ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಗೋಪಾಲಗೌಡರು ವಿಧಾನಸಭೆಗೆ ಆರಿಸಿಬಂದರು. ಅದೇ ಚುನಾವಣೆಯಲ್ಲಿ ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ ಕಾಂಗ್ರೆಸ್ ಪಕ್ಷದ ಪರವಾಗಿ ಆರಿಸಿಬಂದವರು ಕೆ.ಜಿ. ಒಡೆಯರು, ಅಂದರೆ ಕಾಗೋಡಿನ ಭೂಮಾಲಿಕರೇ. 1957ರಲ್ಲಿಯೂ ಅವರೇ ಗೆದ್ದರು. ಒಂದು ಹಳ್ಳಿಯ ವ್ಯಾಜ್ಯದ ಎರಡು ಪಕ್ಷಗಳೂ ಹೀಗೆ ಪ್ರಜೆಗಳ ಮತದಿಂದಲೇ ಎರಡು ಶಾಸನಸಭೆಗಳಿಗೆ ಹೋದವು. ಗೇಣಿದಾರರು ಒತ್ತಾಗಿದ್ದ ಕಡೆ ಅವರ ಮತ ಎಣಿಕೆಗೆ ಬಂತು. ವಿಶಾಲವಾದ ಕ್ಷೇತ್ರದಲ್ಲಿ ಮನೆತನ, ಪಕ್ಷ, ಪ್ರತಿಷ್ಠೆಗಳು ಮೇಲಾದವು. ಪ್ರಜಾಪ್ರಭುತ್ವ ಬಂದ ಕೂಡಲೆ ಹಳ್ಳಿಯ ಶಕ್ತಿಗಳ ಸಮತೋಲ ತಲೆಕೆಳಗಾಗುವುದೆಂದು ಎಣಿಸುವವರಿಗೂ, ಮತದಿಂದ ಏನೂ ಆಗದೆಂದು ಜರೆಯುವವರಿಗೂ ಈ ಫಲಿತಾಂಶದಲ್ಲಿ ಪಾಠವಿದೆ.

ಗೋಪಾಲಗೌಡರು ವಿಧಾನಸಭೆಯಲ್ಲಿ ಕನ್ನಡದ ಪರವಾಗಿಯೂ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿಗಾಗಿಯೂ, ಉಳುವವನ ಹಕ್ಕಿಗಾಗಿಯೂ ವಾದಿಸಿದರು. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರ ನವೆಂಬರ್ 1ರಂದು. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದುದು 1974ರ ಮಾರ್ಚ್ 1ರಂದು. ತಾವು ಕೇಳಿದ ಎರಡನ್ನೂ ಅವರು ಕಾಣಲಿಲ್ಲ. ಯು.ಆರ್. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಗೆ ಗೋಪಾಲಗೌಡರ ಬಾಳೇ ಪ್ರೇರಣೆ. ಸತ್ಯಾಗ್ರಹದ ಕಥೆಯನ್ನು ಜಿ. ರಾಜಶೇಖರ ಅವರು ಪುಸ್ತಕರೂಪದಲ್ಲಿ ಬರೆದು ಕನ್ನಡಿಗರಿಗೆ ಉಪಕಾರ ಮಾಡಿದ್ದಾರೆ.

6

ಇನ್ನು ಕಾನೂನಿನ ಹಾದಿ. ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ಮೈಸೂರು ಗೇಣಿ ಕಾಯಿದೆ ಬಂತು. ಇದರಲ್ಲಿ ನಮಗೆ ಸ್ವಾರಸ್ಯವಾದುದೊಂದಿದೆ. ಹಿಂದುಳಿದುದೆಂದು ಎಲ್ಲರೂ ಹೇಳುತ್ತಿದ್ದ ಹೈದರಾಬಾದು ಸಂಸ್ಥಾನದಲ್ಲಿ 1949ರಲ್ಲಿಯೇ ಜಹಗೀರುಗಳು ರದ್ದಾಗಿದ್ದವು. 1950ರಲ್ಲಿ ಗೇಣಿ ಮತ್ತು ವ್ಯವಸಾಯ ಭೂಮಿಗಳ ಕಾಯಿದೆ ಬಂದು, ಬೀದರ, ಕಲಬುರಗಿ, ರಾಯಚೂರುಗಳ ಗೇಣಿದಾರನೂ ಕಾಗದದ ಮೇಲೆ 'ಸಂರಕ್ಷಿತ ಗೇಣಿದಾರ'ನಾಗಿದ್ದನು. ಮಾದರಿ ಸಂಸ್ಥಾನವೆಂದು ಹೆಸರಾಂತ ಮೈಸೂರಿನ ಗೇಣಿದಾರನಿಗೆ ಅದೂ ಇರಲಿಲ್ಲ. ಈ ವೈಪರೀತ್ಯಕ್ಕೆ ಕಾರಣ ತೆಲಂಗಾಣದಲ್ಲಿ 1946ರಿಂದ ನಡೆದ ಸಶಸ್ತ್ರ ಹೋರಾಟ. ಕಾನೂನು ಎಲ್ಲಿ ಮೊದಲು ಬರುತ್ತದೆಂಬುದನ್ನು ಆಡಳಿತದ ನಾಗರಿಕತೆಯಲ್ಲ, ಉಳುವವರ ಒತ್ತಡವೇ ನಿರ್ಣಯಿಸುತ್ತದೆಂದು ಇದರಿಂದ ವ್ಯಕ್ತವಾಗುತ್ತದೆ.

ಆದರೆ ಕಾಗದದ ರಕ್ಷಣೆ ನೆಲದ ರಕ್ಷಣೆಯಲ್ಲ. ಹೈದರಾಬಾದಿನ ಭೂಸುಧಾರಣೆಗಳನ್ನು ಕುರಿತು ಎ.ಎಂ. ಖುಸ್ರೋ ಅವರು 1958ರಲ್ಲಿ ಪ್ರಕಟಿಸಿದ ಅಧ್ಯಯನವು ಅನೇಕ ಸಂರಕ್ಷಿತ ಗೇಣಿದಾರರು ಕೆಲವೇ ವರ್ಷಗಳಲ್ಲಿ ಜಮೀನು ಬಿಟ್ಟುದನ್ನು ತೋರಿಸಿತು. ಕರ್ನಾಟಕದಲ್ಲಿಯೂ ಹಾಗೆಯೇ. 1957ರಲ್ಲಿ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. 1961ರ ಭೂಸುಧಾರಣಾ ಕಾಯಿದೆ ಜಾರಿಗೆ ಬಂದುದು 1965ರ ಅಕ್ಟೋಬರ್ 2ರಂದು. ಇಷ್ಟು ದೀರ್ಘವಾದ ಅವಕಾಶದಲ್ಲಿ ಗೇಣಿದಾರರನ್ನು ಬಿಡಿಸಲು ಒಡೆಯರಿಗೆ ಕಾಲ ಸಾಕಷ್ಟು ದೊರೆಯಿತು.

ದೇವರಾಜ ಅರಸರ ಸರ್ಕಾರ 1974ರಲ್ಲಿ ಈ ಗಂಟನ್ನು ಕಡಿಯಿತು. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಅಧಿಭೋಗದ ಹಕ್ಕನ್ನು ಪಡೆಯಬಹುದಾಯಿತು. ವಿಚಾರಣೆ ಕೋರ್ಟಿನಲ್ಲಲ್ಲ, ತಾಲೂಕಿನ ಭೂ ನ್ಯಾಯಮಂಡಳಿಯಲ್ಲಿ. ಆರಂಭದಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಬರೆಹವಿಲ್ಲದ ಗೇಣಿಗೆ ನೆರೆಹೊರೆಯವರ ಮಾತೇ ಸಾಕ್ಷಿಯಾಗಬಹುದಿತ್ತು. 1860ರ ದಶಕದ ದಫ್ತರ ಕಾಣದಿದ್ದವನನ್ನು ಈ ಮಂಡಳಿ ಕಂಡಿತು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು. 'ಉಳುವವನೇ ಹೊಲದೊಡೆಯ' ಎಂಬ ಮಾತು ಕರಾವಳಿ ಮತ್ತು ಮಲೆನಾಡುಗಳಲ್ಲಿ ಬಹುಮಟ್ಟಿಗೆ ಅಕ್ಷರಶಃ ನಿಜವಾಯಿತು.

ಕಾಗೋಡಿನ ರಾಜಕೀಯ ಜೀವನ ಅಲ್ಲಿಗೆ ಮುಗಿಯಲಿಲ್ಲ. ಅದೇ ಹಳ್ಳಿಯ, ಅದೇ ದೀವರ ಸಮಾಜದ ಕಾಗೋಡು ತಿಮ್ಮಪ್ಪನವರು 1972ರಲ್ಲಿ ಸಾಗರದಿಂದ ಸಮಾಜವಾದಿಯಾಗಿ ವಿಧಾನಸಭೆಗೆ ಬಂದರು. ಮುಂದೆ ಕಾಂಗ್ರೆಸ್ಸಿಗೆ ಸೇರಿ 2013ರಿಂದ 2016ರ ವರೆಗೆ ಸಭಾಧ್ಯಕ್ಷರಾಗಿ, ಅನಂತರ 2018ರ ವರೆಗೆ ಕಂದಾಯ ಮಂತ್ರಿಗಳಾಗಿದ್ದರು. ಖಾತೆಯಲ್ಲಿ ಹೆಸರಿಲ್ಲದವರ ಹಳ್ಳಿಯಿಂದ ಬಂದವರು ರಾಜ್ಯದ ಖಾತೆಗಳಿಗೆಲ್ಲ ಮುಖ್ಯಸ್ಥರಾದುದು ಸಣ್ಣ ಬದಲಾವಣೆಯಲ್ಲ.

7

ಬ್ಯಾಂಕಿನ ಕೆಲಸದಲ್ಲಿರುವ ನನಗೆ ಈ ಚರಿತ್ರೆ ಮುಗಿದ ಕಥೆಯಾಗಿ ತೋರುವುದಿಲ್ಲ. ಸಾಲ ಕೇಳಿ ಬಂದ ರೈತನನ್ನು ನಾವು ಮೊದಲು ಕೇಳುವುದು ಪಹಣಿಯನ್ನು. 1974ರ ತಿದ್ದುಪಡಿಯ ದೊಡ್ಡ ಉಪಕಾರಗಳಲ್ಲಿ ಒಂದು, ನನ್ನ ಎಣಿಕೆಯಲ್ಲಿ, ಇದೇ. ಪಹಣಿಯಲ್ಲಿ ಹೆಸರು ಬಂದ ಮೇಲೆ ಹಳೆಯ ಗೇಣಿದಾರನು ಸಾಹುಕಾರನ ಜಗಲಿಯನ್ನು ಬಿಟ್ಟು ಸಹಕಾರ ಸಂಘಕ್ಕೂ ಬ್ಯಾಂಕಿಗೂ ಬರಬಲ್ಲವನಾದನು.

ಆದರೆ ಹೆಸರಿಲ್ಲದೆ ಉಳುವವರು ಇಂದೂ ಇದ್ದಾರೆ. ಕರ್ನಾಟಕದಲ್ಲಿ ಗೇಣಿಗೆ ಕೊಡುವುದು ಕೆಲವು ವಿನಾಯಿತಿಗಳ ಹೊರತು ನಿಷಿದ್ಧ. ಆದುದರಿಂದ ಈಗ ಗೇಣಿಗೆ ಉಳುವವನು ಕಾನೂನಿನ ಮುಂದೆ ತಾನು ಉಳುತ್ತೇನೆಂದು ಹೇಳಲೇ ಆರನು. ನಾವಿರುವ ತೆಲಂಗಾಣದಲ್ಲಿ ಕೌಲು ರೈತರ ಕಷ್ಟ ಎಲ್ಲರೂ ಬಲ್ಲುದು. 2018ರಲ್ಲಿ ಎಕರೆಗೆ ಒಂದು ಹಂಗಾಮಿಗೆ 4,000 ರೂಪಾಯಿಯಂತೆ ಆರಂಭವಾದ ರೈತಬಂಧು ಯೋಜನೆಯ ಹಣ ಸೇರಿದುದು ಪಟ್ಟಾದಾರರಿಗೆ, ಕೌಲಿಗೆ ಉಳುವವರಿಗಲ್ಲ. ಅವಿಭಜಿತ ಆಂಧ್ರ ಪ್ರದೇಶದಲ್ಲಿ 2011ರಲ್ಲಿ ಇಂತಹವರಿಗೆ ಸಾಲಕ್ಕೆ ಅರ್ಹತಾಪತ್ರ ಕೊಡುವ ಕಾಯಿದೆ ಬಂದಿತ್ತು. ನಮ್ಮ ಮೇಜಿನ ಮುಂದೆ ಕುಳಿತವನು ಬೇಸಾಯ ಮಾಡುವವನೆಂದು ಅವನ ಅಂಗೈಯೇ ಹೇಳುತ್ತದೆ. ಕಾಗದ ಮಾತ್ರ ಬೇರೊಬ್ಬನ ಹೆಸರನ್ನು ಹೇಳುತ್ತದೆ. ನಿಯಮದಂತೆ ನಾವು ಕಾಗದವನ್ನೇ ನಂಬಬೇಕು. ನಾನೂ ಅನೇಕ ಸಲ ಕಾಗದವನ್ನೇ ನಂಬಿ ಅಂಗೈಯನ್ನು ಬರಿದಾಗಿ ಕಳುಹಿಸಿದ್ದೇನೆ. ಅಂತಹ ದಿನ ಮನೆಗೆ ಹಿಂದಿರುಗುವಾಗ ಕಾಗೋಡಿನ ಕೊಳಗ ನೆನಪಾಗುವುದುಂಟು.

ಕರ್ನಾಟಕದಲ್ಲಿ 2020ರಲ್ಲಿ ಕಾಯಿದೆಯನ್ನು ಮತ್ತೆ ತಿದ್ದಿ, ವ್ಯವಸಾಯಗಾರರಲ್ಲದವರೂ ವ್ಯವಸಾಯದ ಭೂಮಿಯನ್ನು ಕೊಳ್ಳಬಹುದೆಂದು ಮಾಡಲಾಯಿತು. ಅದರ ಗುಣದೋಷಗಳನ್ನು ಕುರಿತು ಭಿನ್ನಾಭಿಪ್ರಾಯಗಳಿವೆ. ಚರಿತ್ರೆಯ ವಿದ್ಯಾರ್ಥಿ ಹೇಳಬಹುದಾದುದು ಇಷ್ಟೆ. ಭೂಮಿ ಯಾರ ಹೆಸರಿನಲ್ಲಿದೆ ಎಂಬುದನ್ನು ಮಾತ್ರ ಬರೆದು, ಯಾರು ಉಳುತ್ತಾರೆಂಬುದನ್ನು ಬರೆಯದೆ ಬಿಟ್ಟ ದಫ್ತರವೇ ಕಾಗೋಡಿನ ಸತ್ಯಾಗ್ರಹಕ್ಕೆ ಮೂಲ. ಆ ಎರಡನೆಯ ಕಲಮು ಎಲ್ಲಿ ಬರಿದಾಗಿರುತ್ತದೆಯೋ ಅಲ್ಲಿ ಯಾರೋ ಒಬ್ಬರು ಒಂದಲ್ಲ ಒಂದು ದಿನ ನೇಗಿಲು ಹೊತ್ತು ಗದ್ದೆಗೆ ಇಳಿಯಬೇಕಾಗುತ್ತದೆ. ಕಾಗೋಡಿನ ಜನ ಅಂದು ಇಳಿದು, ಒಂದು ಬೆಳೆಯನ್ನು ಕಳೆದುಕೊಂಡು, ಇಪ್ಪತ್ತಮೂರು ವರ್ಷ ಕಾದು, ರಾಜ್ಯದ ಲಕ್ಷಾಂತರ ಗೇಣಿದಾರರಿಗೆ ಹೆಸರನ್ನು ತಂದುಕೊಟ್ಟರು. ಒಂದು ಸಣ್ಣ ಹಳ್ಳಿಗೆ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸ್ಥಾನ ಬೇಕಾಗಿಲ್ಲ.